ಕುಂಕುಮದ ಅಡಿಯ ಎಚ್ಚರಿಕೆ

ಇನ್ನೊಬ್ಬರ ತಪ್ಪು ಹುಡುಕಿ ಅರ್ಜಿ ಬರೆಯುವುದರಲ್ಲಿ ತಮಿಳುನಾಡಿನ ನಮ್ಮ ಈ ಕನ್ನಡ ನೇಕಾರರ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೊಯಮತ್ತೂರಿನ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ನನಗೆ ಉಳಿದಿರುವ ವಿದ್ಯೆ ಅದೊಂದೇ. ಉರಿಯದ ಬೀದಿದೀಪ, ಬಾರದ ಬಸ್ಸು, ಸೋರುವ ಕೊಳಾಯಿ, ಯಾವುದನ್ನೂ ನಾನು ಬಿಟ್ಟವನಲ್ಲ. ಯಾವುದೂ ಸರಿಹೋಗಿಲ್ಲ ಎಂಬುದು ಬೇರೆ ಮಾತು. ಹಾಗಾಗಿ ನಮ್ಮ ಮನೆಯಲ್ಲೇ ಇರುವ ತಂಗಿ ರುಕ್ಮಿಣಿಯ ಹೆಬ್ಬೆರಳು ಹೊಸ ಗ್ರೈಂಡರಿಗೆ ಸಿಕ್ಕಿ ನಜ್ಜುಗುಜ್ಜಾದಾಗ, ಹೇಳಲು ನಾಚಿಕೆಯಾಗುತ್ತದೆ, ಅಳು ಬಂದದ್ದರ ಜೊತೆಗೇ ಪೆನ್ನೂ ನೆನಪಾಯಿತು.

ಆದದ್ದಿಷ್ಟು. ಅವಳು ಸ್ವಿಚ್ ಆರಿಸಿ ಹಿಟ್ಟು ತೆಗೆಯಲು ಕೈ ಹಾಕಿದ್ದಳು. ಆರಿಸಿದ ಗ್ರೈಂಡರ್ ತಾನಾಗಿಯೇ ತಿರುಗಿತು. ಆಸ್ಪತ್ರೆಯವರು ಬೆರಳು ಉಳಿಸಿದರು, ಆದರೆ ಅದನ್ನು ಮಡಚಲು ಬರುವುದಿಲ್ಲ. ರುಕ್ಮಿಣಿ ಸೀರೆ ನೇಯುವವಳು. ಕಡಿದ ಎಳೆಗೆ ಗಂಟು ಹಾಕಲು ಹೆಬ್ಬೆರಳೇ ಬೇಕು. ಅವಳು ಹಾಕಿದ ಗಂಟು ಸೀರೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಗ್ರಾಹಕರ ಆಯೋಗಕ್ಕೆ ಆರು ಪುಟ ಬರೆದೆ. ಸ್ವಿಚ್ಚಿನ ದೋಷಕ್ಕೆ ಒಂದು ಪುಟ ಸಾಕಾಯಿತು. ಉಳಿದ ಐದರಲ್ಲಿ, ಯಂತ್ರದ ಮೇಲೆ ಎಚ್ಚರಿಕೆಯ ಒಂದಕ್ಷರವೂ ಇಲ್ಲವೆಂದು ಬಗೆಬಗೆಯಾಗಿ ಕೆಂಡಕಾರಿದ್ದೆ. ಗಂಧ ಕುಂಕುಮಗಳಿಂದ ಕಳಕಳಿಸುತ್ತಿದ್ದ ಗ್ರೈಂಡರಿನ ಫೋಟೋವನ್ನೂ ಲಗತ್ತಿಸಿದ್ದೆ.

ಕಂಪನಿಯ ಇಂಜಿನಿಯರ್ ಗ್ರೈಂಡರ್ ನೋಡಲು ಮನೆಗೇ ಬಂದ. ಸಭ್ಯ ಮನುಷ್ಯ. ತಮಿಳಿನಲ್ಲಿ, "ಅಮ್ಮಾ, ಸ್ವಲ್ಪ ನೀರು, ಒಂದು ಬಟ್ಟೆ ಕೊಡಿ" ಎಂದು ಕೇಳಿ ಪಡೆದ. ಗ್ರೈಂಡರ್ ಬಂದ ದಿನ ಪೂಜೆ ಮಾಡಿದವನು ನಾನು. ಮನೆಗೆ ಹಿರಿಯ ನಾನೇ ತಾನೆ. ಉಕ್ಕಿನ ಮೈಮೇಲೆ ಗಂಧ ಜಾರುತ್ತಿತ್ತು. ಅದಕ್ಕೆ ಅಂಟಿಸಿದ್ದ ಹಳದಿ ಕಾಗದದ ಚೀಟಿಯೊಂದರ ಮೇಲೆ ಮಾತ್ರ ಚೆನ್ನಾಗಿ ನಿಂತಿತು, ಓದದೆಯೇ ಗಂಧ ಕುಂಕುಮ ಧಾರಾಳವಾಗಿ ಮೆತ್ತಿದ್ದೆ. ಇಂಜಿನಿಯರ್ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದ. ಅಡಿಯಲ್ಲಿ ದಪ್ಪ ತಮಿಳು ಅಕ್ಷರಗಳು: ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ.

ರುಕ್ಮಿಣಿ ಎರಡು ಸಲ ಓದಿದಳು. "ಅಣ್ಣಾ, ಇದು ಮುಂಚೇನೇ ಇತ್ತಾ?" ಎಂದಳು.

"ಇತ್ತು ಅಂತ ಕಾಣ್ತದೆ" ಎಂದೆ.

"ಪರವಾಯಿಲ್ಲ ಬಿಡಣ್ಣ. ಸಾಮೀನ ನೆನ್ಸಿ ತಾನೆ ನೀನು ಗಂಧ ಇಟ್ಟೆ" ಎಂದು ಹೇಳಿ ಬಂದವನಿಗೆ ಕಾಫಿ ತರಲು ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸ್ವಿಚ್ಚಿನ ತಪ್ಪು ಕಂಪನಿಯದೇ, ಇಂಜಿನಿಯರೂ ಅಲ್ಲಗಳೆಯಲಿಲ್ಲ. ಕೇಸು ನಡೆಯುತ್ತಿದೆ. ಆ ಐದು ಪುಟಗಳನ್ನು ನಾನೇ ಹಿಂದಕ್ಕೆ ಪಡೆದೆ. ಈಗ ದಿನವೂ ಅವಳ ಮಗ್ಗದ ಪಕ್ಕ ಕೂತು ಕಡಿದ ಎಳೆಗಳಿಗೆ ಗಂಟು ಹಾಕುವುದು ನನ್ನ ಕೆಲಸ. ನನ್ನ ಗಂಟು ಸಾಸಿವೆಕಾಳಿನ ಹಾಗೆ ಎದ್ದು ಕಾಣುತ್ತದೆ, ಲಾಳಿ ನಾಲ್ಕು ಸಲ ಓಡುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಅವಳು ಮಗ್ಗ ನಿಲ್ಲಿಸಿ ಎಳೆಯನ್ನು ಮತ್ತೆ ನನ್ನ ಕೈಗೆ ಕೊಡುತ್ತಾಳೆ. ಇಷ್ಟು ಕಳಪೆ ಮಾಲಿನ ಮೇಲೆ ಧಾರಾಳವಾಗಿ ಆರು ಪುಟ ಬರೆಯಬಹುದು. ಆದರೆ ನಮ್ಮ ಮನೆಯಲ್ಲಿ ಅರ್ಜಿ ಬರೆಯುವವನು ನಾನೊಬ್ಬನೇ.