ಚೊಗರು ಕುಡಿದ ಎಣ್ಣೆ ಪಂಪಿನ ಬಗ್ಗೆ

ವಾಹನ ಶಾಖೆಯ ಕಚೇರಿ, ಚನ್ನಗಿರಿ
ಸುತ್ತೋಲೆ ಸಂಖ್ಯೆ: ವಾ.ಶಾ. / ಎ.ಪಂ. / ೭ / ೧೯೪೩
(ಶಾಖೆಯಲ್ಲಿರುವ ಒಂದೇ ಕಾರಿಗೂ, ಅದರ ಸುತ್ತ ಓಡಾಡುವ ಸಕಲರಿಗೂ ಅನ್ವಯ)

ವಿಷಯ: "ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಓಡಿಬಂದ ಕತ್ತೆ ನೀನು. ನಾಲಿಗೇಲಿ ನೆಕ್ಕಿ ಎಂಜಿನ್ ರಿಪೇರಿ ಮಾಡ್ತೀಯೇನೋ?" ಎಂದು ನ್ಯಾಮತಿ ಸಂತೆಯಲ್ಲಿ, ಜನ ಸುತ್ತುಗಟ್ಟಿ ನಿಂತಿರುವಾಗ, ಡ್ರೈವರ್ ಸುಬಾನಸಾಬನನ್ನು ಮಾನ್ಯ ಶಾಖಾಧಿಕಾರಿಗಳು ವಿಚಾರಿಸಿಕೊಂಡದ್ದು, ಹಾಗೂ ತತ್ಸಂಬಂಧವಾಗಿ ಕಾರಿನ ಎಣ್ಣೆ ಪಂಪನ್ನು ಅರಿಯುವ ಮತ್ತು ಕಾಯುವ ಕ್ರಮ.

ಉಲ್ಲೇಖ: ೧. ಡ್ರೈವರನ ಬಾಯಿಮಾತಿನ ಅಹವಾಲು.
೨. ಹೆಡ್ ಗುಮಾಸ್ತ ಜಂಪಣ್ಣನವರ ಮೊದಲನೇ ಹೇಳಿಕೆ.
೩. ಸದರಿಯವರ ಎರಡನೇ ಹೇಳಿಕೆ (ಮೊದಲನೆಯದನ್ನು ಮರೆತು ಕೊಟ್ಟದ್ದು).

ಪೀಠಿಕೆ

ಕಳೆದ ಸಂತೆಯ ದಿನ ಶಾಖೆಯ ಕಾರು ಚನ್ನಗಿರಿಯಿಂದ ಹೊರಟು ಹೊನ್ನಾಳಿಯ ಮೇಲೆ ನ್ಯಾಮತಿಗೆ ತನಿಖೆಗಾಗಿ ಹೋಯಿತು. ಕಾರಿನಲ್ಲಿ ಶಾಖಾಧಿಕಾರಿ ಜಯದೇವಪ್ಪನವರು, ಹೆಡ್ ಗುಮಾಸ್ತ ಜಂಪಣ್ಣನವರು, ಡ್ರೈವರ್ ಸುಬಾನಸಾಬ ಹಾಗೂ ಹಿಂದಿನ ಸೀಟಿನ ಕೆಳಗೆ ಎರಡು ತಗಡಿನ ಡಬ್ಬಿಗಳು ಇದ್ದವು. ಒಂದರಲ್ಲಿ ಎಂಜಿನ್ ಎಣ್ಣೆ. ಇನ್ನೊಂದರಲ್ಲಿ ಏನಿತ್ತೆಂಬುದನ್ನು ಈ ಸುತ್ತೋಲೆ ಎಲ್ಲಿಯೂ ಹೇಳುವುದಿಲ್ಲ. ಅಡಿಕೆ ಬೇಯಿಸಿದ ನೀರನ್ನು ಮತ್ತೆ ಮತ್ತೆ ಕುದಿಸಿದರೆ ಉಳಿಯುವ, ಅಡಿಕೆಗೆ ಬಣ್ಣ ಕಟ್ಟಲು ಬಳಸುವ, ಕಪ್ಪುಗೆಂಪಗಿನ ಮಂದ ಚೊಗರು ಅದರಲ್ಲಿತ್ತೆಂದು ಯಾರೂ ತಿಳಿಯತಕ್ಕದ್ದಲ್ಲ. ಅದು ಮಾನ್ಯ ಶಾಖಾಧಿಕಾರಿಗಳ ನಲ್ಲೂರಿನ ಮಾವನವರ ಮನೆಯಿಂದ ಬಂದು ನ್ಯಾಮತಿಯ ಷಡ್ಡಕರ ಅಂಗಡಿಗೆ ಹೋಗುತ್ತಿತ್ತೆಂದಂತೂ ತಿಳಿಯಲೇಬಾರದು. ಯುದ್ಧಕಾಲದಲ್ಲಿ ಅಳೆದು ಕೊಡುವ ಸರ್ಕಾರಿ ಪೆಟ್ರೋಲಿನಲ್ಲಿ ಷಡ್ಡಕರ ಡಬ್ಬಿಗಳಿಗೆ ಪ್ರಯಾಣವಿಲ್ಲ.

ಹೊನ್ನಾಳಿಯಲ್ಲಿ ಸುಬಾನಸಾಬನು ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಅಳತೆ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ, "ಎಣ್ಣೆ ಒಂದು ಬೆರಳು ಕಮ್ಮಿ ಐತೆ ರೀ. ರೇಡಿಯೇಟರಿಗೆ ನೀರು ತಂದು ಆಮೇಲೆ ಹಾಕ್ತೀನಿ. ಅಲ್ಲೀತನಕ ಯಾರೂ ಮುಟ್ಟಾಕೆ ಹೋಗಬೇಡ್ರಿ" ಎಂದು ಹೇಳಿ ಕೊಡ ಹಿಡಿದು ಹೋದನು. ಅವನು ಬರುವಷ್ಟರಲ್ಲಿ ಮುಂದಿನ ಮುಚ್ಚಳ ಮುಚ್ಚಿತ್ತು. ಜಂಪಣ್ಣನವರು ಪಂಚೆಯ ಅಂಚಿಗೆ ಕೈ ಒರೆಸಿಕೊಳ್ಳುತ್ತಿದ್ದರು. "ಹಾಕಿ ಆತು ಹತ್ತಪ್ಪಾ, ಸಾಹೇಬ್ರಿಗೆ ಹೊತ್ತಾಗ್ತೈತೆ" ಎಂದರು. ಸುಬಾನಸಾಬನು ಇನ್ನೊಮ್ಮೆ ಕಡ್ಡಿ ಎಳೆಯಲು ಹೋದಾಗ, "ಯಾಕೋ, ನಮ್ಮ ಮ್ಯಾಲೆ ಅಷ್ಟೂ ನಂಬಿಕೆ ಇಲ್ಲೇನೋ?" ಎಂದರು. ನಂಬಿಕೆ ಇಲ್ಲವೆಂದು ಹೆಡ್ ಗುಮಾಸ್ತರಿಗೆ ಹೇಳುವ ಡ್ರೈವರು ಇನ್ನೂ ಹುಟ್ಟಿಲ್ಲವಾದ್ದರಿಂದ ಕಾರು ಹೊರಟಿತು. ಆವತ್ತು ಆ ಕಡ್ಡಿ ಎಳೆಯದೆ ಬಿಟ್ಟದ್ದಕ್ಕೆ ಸದರಿ ಸುಬಾನಸಾಬನು ಇವತ್ತಿಗೂ ಹಲ್ಲು ಕಚ್ಚುತ್ತಿರುವುದು ಶಾಖೆಯ ಗಮನಕ್ಕೆ ಬಂದಿದೆ.

ನ್ಯಾಮತಿ ಸಂತೆಯ ನಡುಮಧ್ಯದಲ್ಲಿ ಎಣ್ಣೆಯ ಒತ್ತಡ ತೋರುವ ಮುಳ್ಳು ಸೊನ್ನೆಗೆ ಬಿತ್ತು. ಸುಬಾನಸಾಬನು ಅಲ್ಲಿಯೇ, ಮೆಣಸಿನಕಾಯಿ ರಾಶಿಗೂ ಮಂಡಕ್ಕಿ ಚೀಲಗಳಿಗೂ ನಡುವೆ, ಎಂಜಿನ್ ಆರಿಸಿದನು. ಕಡ್ಡಿ ಎಳೆದನು, ಮೂಸಿದನು, ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದನು. "ಇದು ಎಣ್ಣೆ ಅಲ್ರೀ ಸಾಹೇಬ್ರೆ, ಚೊಗರು" ಎಂದನು. ಇದರ ಮೇಲೆ ಮಾನ್ಯರು ಹೇಳಿದ ಮಾತು ವಿಷಯದ ಸಾಲಿನಲ್ಲಿ ಈಗಾಗಲೇ ಬಂದಿದೆ. ಸಂತೆ ನಕ್ಕಿತು. ಯಾರನ್ನು ನೋಡಿ ನಕ್ಕಿತೆಂಬುದು ತನಿಖೆಯಲ್ಲಿದೆ.

ಆದುದರಿಂದ ಸಕಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

೧. ಎಣ್ಣೆ ಪಂಪು ಎಂದರೇನೆಂದು ಸದರಿ ಡ್ರೈವರನು ಅಂದು ಹೇಳಿದ್ದು ಹೀಗೆ: "ಎಂಜಿನ್ನಿನ ತಳದಾಗೆ ಎಣ್ಣೆ ತೊಟ್ಟಿ ಐತೆ ರೀ. ಅದರಾಗೆ ಪಂಪು ಮುಳುಗಿ ಕುಂತೈತೆ. ಎರಡು ಹಲ್ಲುಚಕ್ರ, ಒಂದಕ್ಕೊಂದು ಹಲ್ಲು ಕೊಟ್ಕಂಡು ತಿರುಗ್ತಾವೆ. ಹಲ್ಲಿನ ಸಂದಿಗೆ ಸಿಕ್ಕ ಎಣ್ಣೇನ ಗೋಡೆಗುಂಟ ಹೊತ್ಕಂಡು ಹೋಗಿ ಮ್ಯಾಲಕ್ಕೆ ನೂಕ್ತಾವೆ. ಕಸ ಬರದಂಗೆ ಬಾಯಿಗೊಂದು ಜಾಲರಿ. ಆ ಎಣ್ಣೆ ನಿಂತ್ರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಎಂಜಿನ್ನು ಹಿಡ್ಕಂಡುಬಿಡ್ತೈತೆ." ಈ ವಿವರಣೆಯನ್ನು ಪರಿಶೀಲಿಸಲಾಗಿ ಸರಿಯಾಗಿದೆ. ಸರಿಯಾದ ವಿವರಣೆಯನ್ನು ಕೆಳಗಿನ ನೌಕರನು ಮೇಲಧಿಕಾರಿಗಿಂತ ಮೊದಲೇ ಹೇಳಿರುವುದನ್ನು ಅಶಿಸ್ತೆಂದು ಪರಿಗಣಿಸಲಾಗಿದೆ. ಇನ್ನು ಮುಂದೆ ಪಂಪಿನ ವಿಷಯ ತಿಳಿದವರು ತಿಳಿಯದವರ ಅಪ್ಪಣೆ ಪಡೆದು ಮಾತನಾಡತಕ್ಕದ್ದು.

೨. ಎಣ್ಣೆಯ ಮಟ್ಟವನ್ನು ಎಂಜಿನ್ ಆರಿಸಿ, ಸಮನೆಲದಲ್ಲಿ, ಕಡ್ಡಿಯನ್ನು ಒಮ್ಮೆ ಒರೆಸಿ ಎರಡನೇ ಸಲ ಅದ್ದಿ ನೋಡತಕ್ಕದ್ದು. ಕಡ್ಡಿಯನ್ನು ಒರೆಸಲು ಕಡತಗಳ ಹಾಳೆ ಬಳಸಬಾರದು. ಹಳೆಯ ಸುತ್ತೋಲೆಗಳನ್ನು ಬಳಸಬಹುದು.

೩. ಒತ್ತಡದ ಮುಳ್ಳು ಬಿದ್ದೊಡನೆ ಕಾರನ್ನು ನಿಲ್ಲಿಸಬೇಕೆಂಬುದು ಡ್ರೈವರನ ವಾದ. "ಇನ್ನೊಂದು ಫರ್ಲಾಂಗು ಓಡಿಸಿದ್ರೆ ಬೇರಿಂಗು ಹೋಗಿಬಿಡ್ತಿತ್ತು ರೀ" ಎಂದು ಅವನು ಹೇಳಿದ್ದಾನೆ. ಆ ಫರ್ಲಾಂಗಿನ ತುದಿಗೆ ಷಡ್ಡಕರ ಅಂಗಡಿ ಇತ್ತೆಂಬುದನ್ನು ಅವನು ಗಮನಿಸಲಿಲ್ಲ. ಆದ್ದರಿಂದ ಮುಳ್ಳು ಇನ್ನು ಮುಂದೆ ಸಂತೆಯಲ್ಲಾಗಲಿ, ನೆಂಟರ ಬೀದಿಯಲ್ಲಾಗಲಿ, ಅಧಿಕಾರಿಗಳು ಕಾರಿನೊಳಗೆ ಇರುವಾಗಲಾಗಲಿ ಬೀಳತಕ್ಕದ್ದಲ್ಲ. ಬೀಳಲೇಬೇಕೆಂದಿದ್ದಲ್ಲಿ ಮೂರು ದಿನ ಮೊದಲು ಅರ್ಜಿ ಕೊಡತಕ್ಕದ್ದು. ಅರ್ಜಿ ಮಂಜೂರಾಗುವವರೆಗೆ ಮುಳ್ಳು ಅರ್ಧಕ್ಕೆ ನಿಂತಿರಬೇಕು.

೪. ಚೊಗರು ನೀರಿನ ಜಾತಿಯದು, ಎಣ್ಣೆಗಿಂತ ಭಾರ. ಎಂಜಿನ್ನಿಗೆ ಸುರಿದರೆ ಮೇಲೆ ತೇಲದೆ ತಳಕ್ಕಿಳಿದು ನೇರವಾಗಿ ಪಂಪಿನ ಬಾಯಿಗೇ ಹೋಗಿ ಕೂರುತ್ತದೆ. ಕಾವಿಗೆ ಅಂಟಾಗಿ ಜಾಲರಿಗೆ ಮೆತ್ತುತ್ತದೆ. ಇದನ್ನು ಸಾಮಾನ್ಯ ಜ್ಞಾನಕ್ಕಾಗಿ ತಿಳಿಸಲಾಗಿದೆ. ನಮ್ಮ ಕಾರಿಗೂ ಇದಕ್ಕೂ ಸಂಬಂಧವಿಲ್ಲ.

೫. ಸಾಕ್ಷಿಗಳ ವಿಚಾರ. ಮಂಡಕ್ಕಿ ಮಾರುವ ದ್ಯಾಮಮ್ಮ ಎಂಬಾಕೆ ಅಳತೆ ಕಡ್ಡಿಗೆ ಬೆರಳು ಹಚ್ಚಿ ಉಜ್ಜಿ ನೋಡಿ, "ಎಣ್ಣೆ ಆದ್ರೆ ಜಾರ್ತೈತೆ ಕಣಪ್ಪಾ, ಇದು ಅಂಟ್ತೈತೆ. ಇದನ್ನ ತಿಳಿಯಾಕೆ ಯಾವ ಸಾಲಿ ಬೇಕು?" ಎಂದಿದ್ದಾಳೆ. ಸದರಿ ದ್ಯಾಮಮ್ಮನು ಸರ್ಕಾರಿ ನೌಕರಳಲ್ಲದ ಕಾರಣ ಆಕೆಯ ಬೆರಳನ್ನು ಪರಿಗಣಿಸಲಾಗಿಲ್ಲ. ಮುಂದೆ ಎಂಜಿನ್ನಿನ ಎಣ್ಣೆಯನ್ನು ಮೂಸುವ, ಉಜ್ಜುವ, ನೆಕ್ಕುವ ಅಧಿಕಾರ ಶಾಖಾಧಿಕಾರಿಗಳಿಗೆ ಮಾತ್ರ ಇರತಕ್ಕದ್ದು. ಅವರು ರಜೆಯಲ್ಲಿದ್ದಾಗ ಹೆಡ್ ಗುಮಾಸ್ತರು ನೆಕ್ಕುವರು.

೬. ಪಂಪಿಗೆ ಹಲ್ಲುಗಳಿವೆಯೆಂದು ಅಂಶ ಒಂದರಲ್ಲಿ ಸಾಬೀತಾಗಿದೆ. ಹಲ್ಲಿರುವ ವಸ್ತುವಿಗೆ ಅಡಿಕೆಯ ಪದಾರ್ಥ ಒಗ್ಗದೆಂದು ಯಾರೂ ಊಹಿಸಲು ಸಾಧ್ಯವಿರಲಿಲ್ಲವೆಂದು ಹೆಡ್ ಗುಮಾಸ್ತರು ಎರಡನೇ ಹೇಳಿಕೆಯಲ್ಲಿ ನಿವೇದಿಸಿದ್ದಾರೆ. ಡಬ್ಬಿಯನ್ನು ತಾವು ಮುಟ್ಟಿಯೇ ಇಲ್ಲವೆಂದು ಮೊದಲನೇ ಹೇಳಿಕೆಯಲ್ಲಿ ನಿವೇದಿಸಿದ್ದರು. ಎರಡನ್ನೂ ಒಪ್ಪಲಾಗಿದೆ.

೭. ಪಂಪನ್ನು ಶುಚಿ ಮಾಡುವ ಕ್ರಮ. ಬೈಗುಳ ತಿಂದವನು ಕಾರನ್ನು ಅಲ್ಲಿಯೇ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಸಂತೆಯವರಿಂದ ಕಾರನ್ನು ತಳ್ಳಿಸಿ ಹುಣಸೆಮರದ ನೆರಳಿಗೆ ತಂದು, ಕೆಳಗೆ ಗೋಣಿ ಹಾಸಿ ಅಂಗಾತ ಮಲಗಿ, ತೊಟ್ಟಿಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ತಲೆರುಮಾಲಿನಲ್ಲಿ ಕಟ್ಟಿಟ್ಟುಕೊಂಡನು. ಜಾಲರಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಆಮೇಲೆ ಸೀಮೆಎಣ್ಣೆಯಲ್ಲಿ ಉಜ್ಜಿದನು. ಚೊಗರು ಬರೀ ಸೀಮೆಎಣ್ಣೆಗೆ ಜಗ್ಗುವುದಿಲ್ಲವಂತೆ. ಪಂಪನ್ನು ಕೂರಿಸುವ ಮೊದಲು ಅದರ ಬಾಯಿಗೆ ಹೊಸ ಎಣ್ಣೆ ತುಂಬಿ ಕೈಯಲ್ಲಿ ತಿರುಗಿಸಿದನು. ಯಾಕೆಂದು ದ್ಯಾಮಮ್ಮ ಕೇಳಲಾಗಿ, "ಒಣಗಿದ ಪಂಪು ಎಳೆಯಂಗಿಲ್ಲವ್ವಾ. ಮೊದ್ಲು ನಾವು ಕುಡಿಸ್ಬೇಕು, ಆಮೇಲೆ ಅದು ಕುಡೀತೈತೆ" ಎಂದನಂತೆ. ಮಧ್ಯಾಹ್ನ ಮೂರಕ್ಕೆ ಎಂಜಿನ್ ಚಾಲೂ ಆಯಿತು. ಮುಳ್ಳು ಮೆಲ್ಲಗೆ ಎದ್ದು ನಿಂತಿತು. ಈ ಸಲ ಸಂತೆ ನಗಲಿಲ್ಲ. ಮಾನ್ಯರು ಆಗಲೇ ಎತ್ತಿನ ಗಾಡಿಯಲ್ಲಿ ಷಡ್ಡಕರ ಮನೆಗೆ ಊಟಕ್ಕೆ ಹೋಗಿದ್ದರಿಂದ ಮುಳ್ಳು ಎದ್ದದ್ದು ಕಚೇರಿಯ ದಾಖಲೆಗೆ ಬಂದಿಲ್ಲ. ದಾಖಲೆಗೆ ಬಾರದ ರಿಪೇರಿಯನ್ನು ರಿಪೇರಿಯೆಂದು ಕರೆಯತಕ್ಕದ್ದಲ್ಲ.

೮. ಶಾಖಾಧಿಕಾರಿಗಳ ಶ್ರೀಮತಿ ಶಿವಗಂಗಮ್ಮನವರು ಮರುದಿನ ಬೆಳಿಗ್ಗೆ ಕಚೇರಿಯ ಪಡಸಾಲೆಗೆ ಬಂದು, "ನಮ್ಮ ತವರಿನ ಚೊಗರು ಅರ್ಧ ಡಬ್ಬಿ ಎಲ್ಲಿ ಹೋತು ಅಂತ ಅಕ್ಕ ಹೇಳಿ ಕಳಿಸ್ಯಾಳೆ. ಗಾಡಿಗೆ ಕುಡಿಸಿದ್ರಂತೆ ಹೌದೇನ್ರೀ?" ಎಂದು ನಾಲ್ಕು ಮಂದಿ ಗುಮಾಸ್ತರ ಎದುರಿಗೆ ಕೇಳಿದ್ದು ನಿಜ. ಅದು ಸಂಸಾರದ ವಿಷಯವಾಗಿದ್ದು, ಸದರಿ ನಾಲ್ಕು ಮಂದಿ ಗುಮಾಸ್ತರು ಆ ಹೊತ್ತಿನಲ್ಲಿ ಕಿವುಡರಾಗಿದ್ದರೆಂದು ಅವರಿಂದಲೇ ಬರೆಸಿಕೊಳ್ಳಲಾಗಿದೆ.

೯. ಹೀಗಾಗಿ ಕಾರಿನಲ್ಲಿ ಎರಡನೇ ಡಬ್ಬಿ ಇರಲಿಲ್ಲ, ಚೊಗರು ಇರಲಿಲ್ಲ, ಆದರೂ ಪಂಪು ಕಟ್ಟಿಕೊಂಡಿತು. ಆದದ್ದಕ್ಕೆ ಹೊಣೆ ಹೊರಲು ಒಬ್ಬ ಮನುಷ್ಯನಾದರೂ ಬೇಕು. ಸುಬಾನಸಾಬನ ವಯಸ್ಸು ಇಪ್ಪತ್ತೆರಡು. ಹನ್ನೆರಡರಿಂದ ಅವನ ಕೈಗೆ ಸ್ಪ್ಯಾನರು ಬಿಟ್ಟು ಬೇರೆ ಗೊತ್ತಿಲ್ಲ. ಈ ಕಾರಿನ ಸದ್ದು ಕೇಳಿ ಎಲ್ಲಿ ನೋವೆಂದು ಹೇಳುತ್ತಾನೆ. ಇಂಥ ನೌಕರನನ್ನು ಕಳೆದುಕೊಳ್ಳಲು ಶಾಖೆಗೆ ಮನಸ್ಸಿಲ್ಲ. ಆದ್ದರಿಂದ, "ಎಣ್ಣೆಯ ಬದಲು ಬೇರೆ ಪದಾರ್ಥವನ್ನು ನಾನೇ ನನ್ನ ಕೈಯಾರೆ ಸುರಿದೆನು, ನಾನು ಓದಿದವನಲ್ಲ" ಎಂಬ ಕಾಗದಕ್ಕೆ ಅವನು ರುಜು ಹಾಕಿದಲ್ಲಿ ಕಾರು ಅವನ ಕೈಯಲ್ಲೇ ಉಳಿಯುವುದು. ಹಾಕದಿದ್ದಲ್ಲಿ ಜಗಳೂರಿನ ಶಾಖೆಗೆ ವರ್ಗ ಮಾಡಲಾಗುವುದು. ಜಗಳೂರಿನಲ್ಲಿ ಕಾರಿಲ್ಲ. ಎಣ್ಣೆ ಪಂಪಿನ ರಕ್ಷಣೆಗೆ ಇದಕ್ಕಿಂತ ಕ್ಷೇಮವಾದ ಸ್ಥಳ ಕಂಡುಬಂದಿಲ್ಲ. ಅಲ್ಲಿ ಅವನು ಕಡತಗಳ ಧೂಳು ಹೊಡೆಯತಕ್ಕದ್ದು.

೧೦. ಉತ್ತರವನ್ನು "ಹೂಂ" ಅಥವಾ "ಊಹೂಂ" ಎಂದು ಕೊಡತಕ್ಕದ್ದು. ಮೂರನೇ ಉತ್ತರಕ್ಕೆ ನಮೂನೆಯಲ್ಲಿ ಜಾಗವಿಲ್ಲ.

ಇದನ್ನು ಓದಿದವರು ಓದದವರಿಗೆ ಓದಿ ಹೇಳುವುದು; ಅರ್ಥವಾದವರು ಅರ್ಥವಾಗಿಲ್ಲವೆಂದು ರುಜು ಮಾಡುವುದು.

(ರುಜು ಓದಲು ಬರುವಂತಿಲ್ಲ)
ಶಾಖಾಧಿಕಾರಿ, ವಾಹನ ಶಾಖೆ
ಚನ್ನಗಿರಿ

ಪ್ರತಿಗಳು:
೧. ಮಾನ್ಯ ಶಾಖಾಧಿಕಾರಿಗಳಿಗೆ, ತಾವು ರುಜು ಮಾಡಿದ್ದು ಏನೆಂದು ಬಿಡುವಾದಾಗ ನೋಡಲು.
೨. ಹೆಡ್ ಗುಮಾಸ್ತ ಜಂಪಣ್ಣನವರಿಗೆ, ಮೂರನೇ ಹೇಳಿಕೆ ಕೊಡುವ ಮುನ್ನ.
೩. ನಲ್ಲೂರಿನ ಮಾವನವರಿಗೆ, ಡಬ್ಬಿಗಳ ಮೇಲೆ ಇನ್ನು ಮುಂದೆ ಚೀಟಿ ಅಂಟಿಸಿ ಕಳುಹಿಸುವಂತೆ ಕೋರಿ. (ಈ ಪ್ರತಿಯನ್ನು ಕಳುಹಿಸಿಲ್ಲ.)
೪. ಹೊನ್ನಾಳಿಯಲ್ಲಿ ಕಾರು ನಿಲ್ಲುವ ಜಾಗದ ಕಂಬಕ್ಕೆ.
೫. ಜಗಳೂರು ಶಾಖೆಗೆ, ಕಾರಿಲ್ಲದ ಬಗ್ಗೆ ಅಭಿನಂದನೆಗಳೊಂದಿಗೆ.
೬. ಕಾರಿಗೆ, ಮುಂದಿನ ಗಾಜಿನ ಒಳಮೈಗೆ ಅಂಟಿಸಲು. ರಸ್ತೆ ಕಾಣದಿದ್ದರೂ ಅಡ್ಡಿಯಿಲ್ಲ.
೭. ಡ್ರೈವರ್ ಸುಬಾನಸಾಬನಿಗೆ, ಓದಿ ಹೇಳಿ ಉತ್ತರ ಪಡೆಯುವ ಸಲುವಾಗಿ.

ಏಳನೇ ಪ್ರತಿಯ ಹಿಂಬದಿಗೆ ಜವಾನ ದಾಸಪ್ಪನ ಷರಾ:

ಕಚೇರಿಯ ಮುಂದೆ ಎಲ್ಲರನ್ನೂ ನಿಲ್ಲಿಸಿ ಸುತ್ತೋಲೆಯನ್ನು ಮೊದಲಿಂದ ಕಡೆತನಕ ಓದಿ ಹೇಳಿದೆ. ಸುಬಾನಸಾಬ ನಿಂತು ಕೇಳಿದ. ಕಾಗದ, ಮಸಿ, ಲೇಖನಿ ಮುಂದಿಟ್ಟೆ. ಹೂಂ ಏನಪ್ಪಾ, ಊಹೂಂ ಏನಪ್ಪಾ ಅಂದೆ. ಅವನು ಲೇಖನಿ ಮುಟ್ಟಲಿಲ್ಲ. ಕಾರಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟ. ಸಾಹೇಬರು ಒಳಗಿನಿಂದ "ಏನಂತೋ ಅವನದು?" ಎಂದು ಎರಡು ಸಲ ಕೇಳಿದರು. ಅವನು ಮೆಟ್ಟಿಲಿಳಿದು ರಸ್ತೆಗೆ ಹೋದ. ಎಲ್ಲಿಗೋ ತಮ್ಮಾ ಎಂದು ನಾನೂ ಕೂಗಿದೆ. ತಿರುಗಿ ನೋಡಲಿಲ್ಲ. ಹಿಡಿದದ್ದು ಜಗಳೂರಿನ ದಾರಿ ಅಲ್ಲ ಎಂಬುದಷ್ಟೇ ನನ್ನ ಕಣ್ಣಿಗೆ ಕಂಡದ್ದು.