ಮೈಟೊಕಾಂಡ್ರಿಯ ಎಂಬ ಅಘೋಷಿತ ಆಸ್ತಿ

ಹೊಳಲ್ಕೆರೆಯ ನಮ್ಮ ಕಡತ ಉಪನಿರ್ವಹಣಾ ಕಚೇರಿಯಲ್ಲಿ ನೌಕರರ ಕೈ ನಡುಗಲು ಅವಕಾಶವಿಲ್ಲ. ಹಾಗೆಂದು ಬರೆದಿಟ್ಟ ನಿಯಮವೇನೂ ಇರಲಿಲ್ಲ. ಮೇಜಿನ ಕೆಳಗಿನಿಂದ ಏನನ್ನಾದರೂ ಪಡೆಯುವಾಗಲೂ ಯಾರ ಕೈಯೂ ನಡುಗದಿದ್ದರಿಂದ ಬರೆಯುವ ಅಗತ್ಯ ಬಿದ್ದಿರಲಿಲ್ಲ.

ಹೋದ ವರ್ಷ, ಅಂದರೆ ೧೯೯೯ರಲ್ಲಿ, ಬೆರಳಚ್ಚುಗಾರ ಚಿಕ್ಕತಿಮ್ಮಪ್ಪನವರ ಬಲಗೈ ನಡುಗತೊಡಗಿತು. ಒಂದು ಅಕ್ಷರ ಹೊಡೆಯಹೋದರೆ ನಾಲ್ಕು ಬೀಳುತ್ತಿದ್ದವು. ಎರಡು ಮೆಮೊ ಬಂದವು. ಮೂರನೆಯದು ಬಂದರೆ ಕೆಲಸವೇ ಹೋಗುತ್ತದೆ. ಆದ್ದರಿಂದ ಅವರು ತಮ್ಮನ್ನು ಟಪಾಲು ವಿಭಾಗದ ಹಗುರ ಕೆಲಸಕ್ಕೆ ಹಾಕಬೇಕೆಂದು ಅರ್ಜಿ ಬರೆಸಿ, ಚಿತ್ರದುರ್ಗದ ನರರೋಗ ವೈದ್ಯೆ ಸುಪ್ರಿಯಾ ಅವರ ಪ್ರಮಾಣಪತ್ರ ಲಗತ್ತಿಸಿದರು.

ಡಾಕ್ಟರು ಹೊಸಬರು; ತಿಳಿದದ್ದನ್ನೆಲ್ಲ ಬರೆಯುವ ದುರಭ್ಯಾಸವಿತ್ತು. ಇದು ಪಾರ್ಕಿನ್ಸನ್ ಕಾಯಿಲೆ, ಮಿದುಳಿನ ಕೆಲವು ನರಕೋಶಗಳು ಸಾಯುತ್ತಿವೆ, ಉಂಡ ಅನ್ನವನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯ ಎಂಬ ಅತಿಸಣ್ಣ ಅಂಗಗಳು ಆ ಕೋಶಗಳೊಳಗೆ ಸೊರಗಿರುವುದೂ ಒಂದು ಕಾರಣವಿರಬಹುದು ಎಂದು ಬರೆದರು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಮೈಟೊಕಾಂಡ್ರಿಯಗಳು ಎಲ್ಲರಿಗೂ ತಾಯಿಯಿಂದಲೇ ಬರುತ್ತವೆ. ಹಾಗೆಂದು ಇದು ತಾಯಿಯ ತಪ್ಪಲ್ಲ" ಎಂದೂ ಸೇರಿಸಿದರು.

ಅಧೀಕ್ಷಕ ಲಕ್ಷ್ಮೀಕಾಂತ್ ಅವರು 'ತಾಯಿಯಿಂದಲೇ ಬರುತ್ತವೆ' ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದರು. ಅಡಿಗೆರೆಯಿಲ್ಲದ ವಾಕ್ಯಗಳನ್ನು ಓದುವ ಪದ್ಧತಿ ನಮ್ಮಲ್ಲಿಲ್ಲ.

"ಏನ್ರಿ ತಿಮ್ಮಪ್ಪ, ತಾಯಿ ಕಡೆಯಿಂದ ಬಂದೈತೆ ಅಂತ ಬರದಾರೆ. ವರ್ಷದ ಆಸ್ತಿ ಘೋಷಣೆಯಾಗೆ ಯಾಕ್ ತೋರಿಸಿಲ್ಲ?"

"ಸಾರ್, ಅದು ಕಣ್ಣಿಗೇ ಕಾಣಲ್ವಂತೆ."

"ಕಣ್ಣಿಗೆ ಕಾಣದ ಆಸ್ತಿ ಅಂದ್ರೆ ಇನ್ನೂ ಡೇಂಜರ್ ಕಣ್ರಿ!"

ಸಂಜೆಯೊಳಗೆ ನೋಟೀಸು ಬಂತು: "ಸದರಿ ನೌಕರರು ತಾಯಿಯಿಂದ ಬಂದ ಮೈಟೊಕಾಂಡ್ರಿಯಗಳನ್ನು (ಸಂಖ್ಯೆ: ಎಣಿಸಿಲ್ಲ) ಐವತ್ತೆರಡು ವರ್ಷ ಅನುಭವಿಸಿಯೂ ಘೋಷಿಸಿರುವುದಿಲ್ಲ. ತಾಯಿಯ ಕಡೆಯ ವಂಶವೃಕ್ಷ, ಸಹೋದರಿಯ ನಿರಾಕ್ಷೇಪಣಾ ಪತ್ರ ಹಾಗೂ ಕೊಟ್ಟವರ ಖುದ್ದು ಹೇಳಿಕೆ ಒದಗಿಸತಕ್ಕದ್ದು. ತಪ್ಪಿದಲ್ಲಿ ಮೂರನೆಯ ಮೆಮೊ."

ವಂಶವೃಕ್ಷಕ್ಕಾಗಿ ಚಿಕ್ಕತಿಮ್ಮಪ್ಪ ತಾಯಿಯ ತವರಾದ ಹೊಸದುರ್ಗದ ಕಡೆಗೆ ಮೂರು ಸಲ ಅಲೆದರು. ಎರಡು ಸಲ ಸಿಕ್ಕಿದ ವಂಶವೃಕ್ಷದಲ್ಲಿ ಬರೀ ಗಂಡಸರಿದ್ದರು. ನಮೂನೆಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಮೂರನೆಯ ಸಲ ಯಾರೋ ಪುಣ್ಯಾತ್ಮರು ತಾಯಿಯನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟರು. ಹಿರಿಯೂರಿನಲ್ಲಿದ್ದ ತಂಗಿ ರಂಗಕ್ಕ ಆಕ್ಷೇಪಣೆಯಿಲ್ಲವೆಂದು ಸಹಿ ಹಾಕುವ ಮೊದಲು, "ಅಣ್ಣಾ, ಹಂಗಾರೆ ನನ್ನತ್ರನೂ ಐತಾ ಅದು?" ಎಂದು ತನ್ನ ಕೈಯನ್ನೇ ಬಹಳ ಹೊತ್ತು ನೋಡಿಕೊಂಡಳಂತೆ.

ಕೊನೆಗೆ ಎಪ್ಪತ್ತಾರು ವರ್ಷದ ತಾಯಿ ಗಂಗಕ್ಕ ಕಚೇರಿಗೆ ಬಂದರು.

"ಕುಂತ್ಕಳ್ರಿ ಅಜ್ಜಿ. ಕೊಡುವಾಗ ಮಾಲು ಸರಿ ಇತ್ತಾ?" ಲಕ್ಷ್ಮೀಕಾಂತ್ ಕೇಳಿದರು.

"ಏನ್ ಕೊಟ್ಟೆ ಅಂತ ನಂಗೇನ್ ಗೊತ್ತಪ್ಪ? ಹೊಟ್ಟೆಯಾಗೆ ಇಟ್ಕಂಡಿದ್ದೆ, ಹೆತ್ತೆ." ಗಂಗಕ್ಕ ಎರಡೂ ಕೈ ಮುಂದೆ ಚಾಚಿದರು. "ನೋಡಪ್ಪ, ನನ್ ಕೈ ಇನ್ನೂ ಗಟ್ಟಿ ಐತೆ. ಬೇಕಾದ್ರೆ ಇದನ್ನೇ ತಗಳ್ರಿ, ನನ್ ಮಗನ ಕೆಲಸ ಮಾತ್ರ ತೆಗೀಬ್ಯಾಡ್ರಿ."

ಲಕ್ಷ್ಮೀಕಾಂತ್ ಅವರಿಗೆ ಪರಿಹಾರ ಹೊಳೆಯಿತು.

ಆದೇಶ ಹೀಗಿತ್ತು: "ದೋಷವುಳ್ಳ ಸರಕನ್ನು ಸರಬರಾಜುದಾರರೇ ದುರಸ್ತಿ ಮಾಡಿಕೊಡಬೇಕೆಂಬ ನಿಯಮದಂತೆ, ಶ್ರೀಮತಿ ಗಂಗಕ್ಕನವರು ಕಚೇರಿ ವೇಳೆಯಲ್ಲಿ ಮಗನ ಮಣಿಕಟ್ಟನ್ನು ಹಿಡಿದಿರತಕ್ಕದ್ದು. ಕೆಲಸವು ಇಬ್ಬರಲ್ಲಿ ಹಂಚಿಹೋಗಿ ತಾನಾಗಿಯೇ ಹಗುರವಾದ್ದರಿಂದ, ಹಗುರ ಕೆಲಸದ ಅರ್ಜಿಯನ್ನು ಮುಕ್ತಾಯಗೊಳಿಸಿದೆ."

ಅಂದಿನಿಂದ ತಾಯಿ ಮಗ ಒಟ್ಟಿಗೇ ಬರುತ್ತಾರೆ. ಸ್ಟೂಲು ಇನ್ನೂ ಮಂಜೂರಾಗದ ಕಾರಣ ಗಂಗಕ್ಕ ನಿಂತೇ ಕೈ ಹಿಡಿಯುತ್ತಾರೆ. ಕಳೆದ ತಿಂಗಳು ಜ್ವರವೆಂದು ಒಂದು ದಿನ ಬರಲಿಲ್ಲ; ಮರುದಿನ ಅವರಿಗೆ ಮೊದಲ ಮೆಮೊ ಕೊಡಲಾಯಿತು. ಅದನ್ನು ಓದಿಸಿಕೊಂಡು ಹೆಬ್ಬೆಟ್ಟು ಒತ್ತಿ, "ತಪ್ಪಾತು ಸಾರ್, ಇನ್ಮೇಲೆ ಜ್ವರ ಬರೋ ಮುಂಚೆನೇ ಅರ್ಜಿ ಕೊಡ್ತೀನಿ" ಅಂದರು. ನ್ಯಾಯವಾದ ಮಾತೆಂದು ನಾವೆಲ್ಲರೂ ಒಪ್ಪಿದೆವು.