ನಿಂತು ಕಲಿತ ಬಹುವಚನ

ಶಿಸ್ತು ಕಾಯಲು ಹೊರಟವನ ಸುತ್ತಲೇ ಅಶಿಸ್ತು ಹೆಚ್ಚು. ಇದು ನನ್ನ ಅನುಭವ. ಕಡಲಾಚೆಯ ಈ ನಗರದ ಬುಕಿತ್ ಬಾಟೋಕ್ ಬಡಾವಣೆಯಲ್ಲಿ, ನಮ್ಮ ಫ್ಲ್ಯಾಟಿನ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿ, ಪ್ರತಿ ಭಾನುವಾರ ಕನ್ನಡ ಪಾಠ ಹೇಳುತ್ತೇನೆ. ನಿಯಮ ಒಂದೇ. ಹಿರಿಯರನ್ನು ಏಕವಚನದಲ್ಲಿ ಮಾತನಾಡಿಸಿದವರು ಪಾಠ ಮುಗಿಯುವವರೆಗೆ ನಿಲ್ಲತಕ್ಕದ್ದು. ವಿನಾಯಿತಿ ಇಲ್ಲ.

೧. ಬೆಕ್ಕಿಗೆ ಸಂದ ಗೌರವ

ಎರಡನೆಯ ತರಗತಿಯ ಹುಡುಗಿಯೊಬ್ಬಳು, "ಅಂಕಲ್, ನೀನು ಲೇಟ್ ಲಾ" ಎಂದಳು. ‘ಲಾ’ ಎಂಬುದು ಈ ಊರಿನವರ ಮಾತಿನ ಬಾಲ. ನಾನು ತಡವಾಗಿ ಬಂದಿರಲಿಲ್ಲ; ಆಕೆ ಬೇಗ ಬಂದಿದ್ದಳು. ನಿಲ್ಲಿಸಿದೆ.

ಕೆಲವು ವಾರಗಳ ನಂತರ ಆಕೆಯ ತಾಯಿ ಬಂದರು. "ಸರ್, ತುಂಬಾ ಇಂಪ್ರೂವ್ ಆಗಿದಾಳೆ. ಕೆಳಗಡೆ ಬೆಕ್ಕಿಗೂ ‘ಬನ್ನಿ, ಕೂತ್ಕೊಳ್ಳಿ’ ಅಂತಾಳೆ."

"ಸಂತೋಷ. ತಂದೆಯವರಿಗೆ?"

"ಅವರಿಗೆ ಇನ್ನೂ ‘ಬಾ ಲಾ’ನೇ, ಸರ್."

೨. ಸ್ಕಾಟ್‌ಲೆಂಡಿನ ಮೇಷ್ಟ್ರು

ಇದೇ ನಗರದ ಪಾಯಾ ಲೆಬಾರ್‌ನ ಕಚೇರಿಯೊಂದರಲ್ಲಿ ಕೆಲಸ ಮಾಡುವ ಸ್ಕಾಟ್‌ಲೆಂಡಿನ ಯುವಕನೊಬ್ಬ ತರಗತಿಗೆ ಸೇರಿದ. ಸಹೋದ್ಯೋಗಿಯಾದ ಮೈಸೂರಿನ ಹುಡುಗಿಯನ್ನು ಮದುವೆಯಾಗುವ ಇಚ್ಛೆ. ಹುಡುಗಿಯ ತಾಯಿ ಷರತ್ತು ಹಾಕಿದ್ದರು: "ನನ್ನ ಹತ್ರ ಕನ್ನಡದಲ್ಲಿ ಮರ್ಯಾದೆಯಾಗಿ ನಾಲ್ಕು ಮಾತಾಡ್ಲಿ. ಆಮೇಲೆ ಮದುವೆ ಮಾತು."

‘ನೀನು’, ‘ನೀವು’ ಭೇದ ಆತನಿಗೆ ತಕ್ಷಣ ತಿಳಿಯಿತು. ತನ್ನ ಊರಿನಲ್ಲಿಯೂ ಒಬ್ಬರಿಗೆ ‘ಯೀ’, ಹಲವರಿಗೆ ‘ಯೂಸ್’ ಇದೆಯೆಂದೂ, ಅದು ಒರಟು ಭಾಷೆಯೆಂದು ಶಾಲೆಯ ಮೇಷ್ಟ್ರು ಬೈದು ಬಿಡಿಸಿದರೆಂದೂ ಹೇಳಿದ.

"ಒಳ್ಳೆಯ ಮೇಷ್ಟ್ರು" ಎಂದೆ.

"ಹೌದು, ಸರ್. ಈಗ ನಿವೃತ್ತರು. ನಾವೆಲ್ಲ ಪಬ್ಬಿನಲ್ಲಿ ಸಿಕ್ಕರೆ, ‘ಯೂಸ್ ಏನು ಕುಡಿಯುತ್ತೀರಿ’ ಅಂತ ಅವರೇ ಕೇಳುತ್ತಾರೆ."

೩. ಅತ್ತೆಯ ಕುರ್ಚಿ

ಮೈಸೂರಿನಿಂದ ಹುಡುಗಿಯ ತಾಯಿಯ ವಿಡಿಯೋ ಕರೆ ಬರುವ ದಿನ ತಾಲೀಮು ಇಟ್ಟುಕೊಂಡೆ. ನನ್ನ ಹೆಂಡತಿಯನ್ನು ಎದುರು ಕೂರಿಸಿ ಘೋಷಿಸಿದೆ: "ಈಗ ಇವರು ನನ್ನ ಹೆಂಡತಿಯಲ್ಲ, ಅತ್ತೆಯವರು. ಎಲ್ಲರೂ ಹಾಗೆಯೇ ನಡೆದುಕೊಳ್ಳತಕ್ಕದ್ದು."

ಯುವಕ ಕೈಮುಗಿದ. "ನಮಸ್ಕಾರ. ನೀವು ಚೆನ್ನಾಗಿದ್ದೀರಾ?"

ದೋಷವಿಲ್ಲ. ಆದರೆ ಅತ್ತೆಯವರು ನಗುತ್ತಿದ್ದರು.

"ಏ, ನಗಬೇಡ. ನೆಟ್ಟಗೆ ಕೂತ್ಕೋ" ಎಂದೆ.

ಯುವಕ ವಿನಯದಿಂದ, "ಸರ್, ಅವರು ಅತ್ತೆಯವರು. ‘ಕೂತುಕೊಳ್ಳಿ’ ಅನ್ನಬೇಕು" ಎಂದ. ಬೆಕ್ಕನ್ನು ಗೌರವಿಸುವ ಹುಡುಗಿ ಎದ್ದುಬಂದು ನನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದಳು.

ನಿಯಮ ನಿಯಮವೇ. ನಿಂತೆ.

ಅಷ್ಟರಲ್ಲಿ ಕರೆ ಬಂತು. ಯುವಕ ಬೆವರುತ್ತ, ಕಲಿತ ನಾಲ್ಕು ಮಾತನ್ನೂ ತಪ್ಪಿಲ್ಲದೆ ಆಡಿದ. ತಾಯಿಯ ಮುಖ ಸಡಿಲವಾಗಲಿಲ್ಲ.

"ಬಾಯಿಪಾಠ ಮಾಡ್ಕೊಂಡಿದೀರಿ" ಎಂದರು. "ಅದಿರಲಿ, ಹಿಂದೆ ನಿಂತಿರೋರು ಯಾರು?"

ಇದು ಪಾಠದಲ್ಲಿರಲಿಲ್ಲ. ಯುವಕ ಹಿಂದೆ ತಿರುಗಿ ನೋಡಿ, ಒಂದೊಂದೇ ಮಾತು ಜೋಡಿಸಿದ. "ನಮ್ಮ ಮೇಷ್ಟ್ರು. ಹೆಂಡತಿಗೆ ‘ಏ’ ಅಂದರು. ಅದಕ್ಕೆ ನಿಂತಿದ್ದಾರೆ."

"ಯಾರು ನಿಲ್ಲಿಸಿದ್ದು?"

"ನಾನು. ಕ್ಷಮಿಸಿ."

ತಾಯಿ ಮುಖ ತಿರುಗಿಸಿ ಒಳಗಿದ್ದ ಯಜಮಾನರಿಗೆ ಕೇಳುವಂತೆ, "ಕೇಳಿಸ್ಕೊಂಡ್ರಾ? ಅಳಿಯ ಅಂದ್ರೆ ಇಂಥೋರು" ಎಂದು ಹೇಳಿ, ಇತ್ತ ತಿರುಗಿದರು. "ನಮ್ಮನೆಗೆ ಯಾವಾಗ ಬರ್ತೀರಿ?"

ತರಗತಿ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ; ಪಾಠ ಇನ್ನೂ ಮುಗಿದಿರಲಿಲ್ಲ. ಮುಗಿಯುವವರೆಗೆ ನಿಂತೇ ಇದ್ದೆ. ನನ್ನ ಹೆಂಡತಿ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು. ಕುಳಿತಿದ್ದರು.